ಅಚ್ಚಾದ ನಕ್ಷೆ ಅಪರೂಪ ಹೇಗಾಗುತ್ತೆ?

"ಇಟಲಿಯ ನಕ್ಷೆಗಾರ ಗಸ್ಟಾಲ್ಡಿಯ 1545ರ ಸಿಸಿಲಿ ನಕ್ಷೆ ಅಪರೂಪದ್ದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಚ್ಚು ಹಾಕಿದ್ದು ಅಪರೂಪ ಹೇಗಾಗುತ್ತೆ? ಇದು ವ್ಯಾಪಾರಿಗಳ ಕಥೆ ಅಲ್ವಾ? ನನ್ನ ಮಗಳೂ ರೋಮಿನಿಂದ ಒಂದು ಹಳೆಯ ಸಿಸಿಲಿ ನಕ್ಷೆ ತಂದಿದ್ದಾಳೆ. ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ?"
— ಓದುಗರೊಬ್ಬರು, ಶಿವಮೊಗ್ಗ

ನಿಮ್ಮ ಗುಮಾನಿ ತಪ್ಪಲ್ಲ. ಮಾರುವವರ ಬಾಯಲ್ಲಿ ಎಲ್ಲವೂ ಅಪರೂಪವೇ! ಆದರೆ ಈ ನಕ್ಷೆಯ ಮಟ್ಟಿಗೆ ಆ ಮಾತು ನಿಜ. ನೀವು ಶಾಲೆಗೆ ಹೋಗುತ್ತಿದ್ದಾಗ ಮನೆಯಲ್ಲಿದ್ದ ಗೋಡೆ ಕ್ಯಾಲೆಂಡರ್ ಈಗ ಒಂದಾದರೂ ಸಿಗುತ್ತದೆಯೇ, ಹುಡುಕಿ ನೋಡಿ. ಎಷ್ಟು ಸಾವಿರ ಅಚ್ಚಾಗಿತ್ತೋ. ಹೊಸದು ಬಂದ ಕೂಡಲೇ ಅದು ನಿಮ್ಮ ಪಠ್ಯಪುಸ್ತಕಕ್ಕೆ ಬೈಂಡ್ ಆಗಿರುತ್ತದೆ. ಬಿಡಿ ಹಾಳೆಯ ಹಣೆಬರಹವೇ ಅಷ್ಟು.

ಆಗಿನ ಇಟಲಿಯಲ್ಲೂ ನಕ್ಷೆಗಳನ್ನು ಬಿಡಿ ಹಾಳೆಯಾಗಿಯೇ ಮಾರುತ್ತಿದ್ದರು. ಗೋಡೆಗೆ ಹಚ್ಚಿದವು ಹರಿದುಹೋದವು. ಪುಸ್ತಕದೊಳಗೆ ಸೇರಿದವು ಬದುಕಿದವು. ರೋಮಿನಲ್ಲಿ ಲಫ್ರೇರಿ ಎಂಬ ಫ್ರೆಂಚ್ ಮೂಲದ ಪ್ರಕಾಶಕನಿದ್ದ. ಗಿರಾಕಿಗೆ ಬೇಕಾದ ಹಾಳೆಗಳನ್ನು ಕೂಡಿಸಿ ಸಂಪುಟ ಮಾಡಿಕೊಡುತ್ತಿದ್ದ. ಒಂದರಲ್ಲಿದ್ದ ನಕ್ಷೆ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ. 1570ರಲ್ಲಿ ಆಂಟ್ವರ್ಪ್‌ನ ಆರ್ಟೀಲಿಯಸ್ ಎಂಬ ನಕ್ಷೆಗಾರ ಒಂದೇ ಅಳತೆಯ ನಕ್ಷೆಗಳ ಅಟ್ಲಾಸ್ ತಂದ. ಅದರ ಸಿಸಿಲಿ ನಕ್ಷೆಗೂ ಗಸ್ಟಾಲ್ಡಿಯೇ ಆಧಾರ. ಅಟ್ಲಾಸ್ ಕೈಗೆ ಸಿಕ್ಕ ಮೇಲೆ ಹಳೆಯ ಹಾಳೆ ಯಾರಿಗೆ ಬೇಕು?

ಅಂದ ಹಾಗೆ, ಈ ಗಸ್ಟಾಲ್ಡಿ ಉತ್ತರ ಇಟಲಿಯ ಪಿಯೆಮೊಂಟೆಯವನು, ದುಡಿದದ್ದು ವೆನಿಸ್‌ನಲ್ಲಿ. ಪ್ರಾಚೀನ ಭೂಗೋಳಜ್ಞ ಟಾಲೆಮಿಯ ಗ್ರಂಥಕ್ಕೆ ಅವನು ನಕ್ಷೆ ಮಾಡಿದ 1548ರ ಪುಟ್ಟ ಆವೃತ್ತಿಯಲ್ಲಿ ಕಲ್ಲಿಕೋಟೆಯ ಹೆಸರು ಹೊತ್ತ ನಕ್ಷೆಯೂ ಇದೆ.

ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ಕಳೆದ ಸಂಚಿಕೆಯಲ್ಲಿ ಸಿಸಿಲಿ ನಕ್ಷೆಯ ಚಿತ್ರದ ಕೆಳಗೆ "ಮರದ ಅಚ್ಚು" ಎಂದು ಹಾಕಿದ್ದೆವು. ಅದು ತಾಮ್ರದ ತಗಡಿನ ಕೆತ್ತನೆ. ಮರದಲ್ಲಾದರೆ ಗೆರೆ ಉಬ್ಬಿರುತ್ತದೆ, ತಾಮ್ರದಲ್ಲಿ ತಗ್ಗಾಗಿರುತ್ತದೆ. ಊರಿನ ಹೆಸರುಗಳನ್ನೆಲ್ಲ ಉಳಿಯಿಂದ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕೊರೆಯಬೇಕು. ಮಸಿ ಬಳಿದು, ಮೇಲಿನದನ್ನು ಒರೆಸಿದರೆ ತಗ್ಗಿನ ಮಸಿ ಮಾತ್ರ ಉಳಿಯುತ್ತದೆ. ಒದ್ದೆ ಕಾಗದ ಹಾಸಿ ಉರುಳೆಗಳ ನಡುವೆ ಒತ್ತಿದಾಗ ಕಾಗದ ಅದನ್ನು ಎಳೆದುಕೊಳ್ಳುತ್ತದೆ. ಒತ್ತಿ ಒತ್ತಿ ಗೆರೆ ಸವೆಯುತ್ತದೆ, ಮತ್ತೆ ಕೊರೆಯಬೇಕು.

ನಿಮ್ಮ ನಕ್ಷೆಯ ಪರೀಕ್ಷೆಯೂ ಇಲ್ಲೇ ಇದೆ. ಅಂಚಿನ ಹತ್ತಿರ ನಿಧಾನವಾಗಿ ಬೆರಳಾಡಿಸಿ. ಸುತ್ತಲೂ ತಗಡು ಒತ್ತಿದ ಗುರುತು ಕೈಗೆ ಸಿಕ್ಕರೆ ಒಳ್ಳೆಯ ಸೂಚನೆ. ಆದರೆ ಅಂಚು ಕತ್ತರಿಸಿದ್ದರೆ ಅದು ಸಿಗುವುದಿಲ್ಲ. ಭೂತಗನ್ನಡಿಯಲ್ಲಿ ಗೆರೆ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಈಗಿನ ಆಫ್‌ಸೆಟ್ ಮುದ್ರಣ. ಹಿಂಬದಿಯಲ್ಲಿ ಅಕ್ಷರಗಳಿದ್ದರೆ ಯಾವುದೋ ಅಟ್ಲಾಸಿನಿಂದ ಬಿಚ್ಚಿದ ಹಾಳೆಯಿರಬಹುದು. ಗೊತ್ತಿದ್ದವರಿಗೆ ತೋರಿಸಿ. ಅಲ್ಲಿಯವರೆಗೆ ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.
— ಸಂ.