ಸಂಪಾದಕರ ಉತ್ತರ: ಕಂಪ್ಯೂಟರಿಗೂ ಮುಯ್ಯಾಳು

ಪ್ರಿಯ ಮೇಷ್ಟ್ರೇ,

ಸಕಲೇಶಪುರದಿಂದ ನೀವು ಬರೆದ ಪತ್ರ ಓದಿ ಖುಷಿಯಾಯಿತು. 2003ರಲ್ಲಿ ಕಾಲೇಜಿನ ಕಂಪ್ಯೂಟರಿಗೆ, ಬೇರೆ ಲೋಕದ ಜೀವಿಗಳ ಸಂಕೇತ ಹುಡುಕುವ 'ಸೆಟಿ ಅಟ್ ಹೋಮ್' ತಂತ್ರಾಂಶ ಹಾಕಿ, ಪರದೆಯ ಮೇಲೆ ಬಣ್ಣದ ಗ್ರಾಫ್ ಏಳುವುದನ್ನು ಹುಡುಗರಿಗೆ ತೋರಿಸುತ್ತಿದ್ದಿರಂತೆ. ಈಗ ಎರಡು ಪ್ರಶ್ನೆ ಕೇಳಿದ್ದೀರಿ. ಕಂಪ್ಯೂಟರ್ ಬಲವನ್ನು ಇಂಟರ್‌ನೆಟ್‌ನಲ್ಲೇ ಬಾಡಿಗೆಗೆ ಕೊಡುವ ಕ್ಲೌಡ್ ಬಂದ ಮೇಲೆ, ಊರೂರಿನ ಕಂಪ್ಯೂಟರ್‌ಗಳು ಒಂದೇ ಕೆಲಸ ಹಂಚಿಕೊಳ್ಳುವ ಗ್ರಿಡ್ ಕಂಪ್ಯೂಟಿಂಗ್ ಸತ್ತೇ ಹೋಯಿತಾ? ಮನೆಯಲ್ಲಿ ಸುಮ್ನೆ ಬಿದ್ದಿರುವ ಹಳೇ ಕಂಪ್ಯೂಟರನ್ನು ಇಂಥ ಕೆಲಸಕ್ಕೆ ಹಚ್ಚಬಹುದಾ?

ಹೆಸರು ಸವೆದಿದೆ, ಕೆಲಸ ನಡೆದೇ ಇದೆ. ಜಿನೀವಾ ಪಕ್ಕದ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕಣಗಳು ಡಿಕ್ಕಿ ಹೊಡೆದಾಗ ಬರುವ ರಾಶಿ ಮಾಹಿತಿಯನ್ನು 40ಕ್ಕೂ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಇವತ್ತಿಗೂ ಹಂಚಿಕೊಂಡು ಅರೆಯುತ್ತವೆ. ಮುಂಬೈನ ಟಿಐಎಫ್‌ಆರ್, ಕೋಲ್ಕತ್ತದ ವಿಇಸಿಸಿ ಎಂಬ ಸಂಶೋಧನಾ ಸಂಸ್ಥೆಗಳೂ ಅದರಲ್ಲಿ ಸೇರಿವೆ. ನಮ್ಮ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕಟ್ಟಿದ 'ಗರುಡ' ಗ್ರಿಡ್ ಮಾತ್ರ ಈಗ ಯಾರ ಬಾಯಲ್ಲೂ ಇಲ್ಲ.

ನಿಮ್ಮ ಕಡೆ ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗುತ್ತಾರಲ್ಲ, ಇವತ್ತು ನಿಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನೀವು, ಗ್ರಿಡ್ ಅದೇ. ಕ್ಲೌಡ್ ಎಂದರೆ ಬಾಡಿಗೆ ಟ್ರ್ಯಾಕ್ಟರ್. ದುಡ್ಡು ಕೊಟ್ಟರೆ ಇವತ್ತೇ ಬರುತ್ತದೆ, ಯಾರ ಮುಯ್ಯಿಯನ್ನೂ ತೀರಿಸಬೇಕಿಲ್ಲ. ಕಂಪನಿಗಳು ಅತ್ತ ಹೋಗಿದ್ದು ಸಹಜ. ಆದರೆ ನಾಟಿಯಂಥ ಕೆಲಸಕ್ಕೆ ಮುಯ್ಯಾಳು ಈಗಲೂ ನಡೆಯುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಸಾಲು ಬಿಟ್ಟುಕೊಟ್ಟರಾಯಿತು. ಮರದ ದಿಮ್ಮಿ ಎತ್ತುವುದು ಬೇರೆ. ಅಲ್ಲಿ ಎಲ್ಲರೂ ಒಂದೇ ಸಲ 'ಐಲೇಸಾ' ಅನ್ನಬೇಕು.

ಸೆಟಿ ನಾಟಿ ಜಾತಿಯದು. ಪೋರ್ಟೊರಿಕೊದ ಅರೆಸಿಬೊ ರೇಡಿಯೊ ದೂರದರ್ಶಕ ಆಕಾಶದಿಂದ ಹಿಡಿದ ರೇಡಿಯೊ ಸಂಕೇತವನ್ನು 107 ಸೆಕೆಂಡಿನ ತುಂಡು ಮಾಡಿ ಮನೆಮನೆಗೆ ಕಳಿಸುತ್ತಿದ್ದರು. ನಿಮ್ಮ ತುಂಡಿಗೂ ಇನ್ನೊಬ್ಬರ ತುಂಡಿಗೂ ಮಾತುಕತೆಯೇ ಬೇಕಿರಲಿಲ್ಲ. ಒಂದೇ ತುಂಡನ್ನು ಒಬ್ಬರಿಗಿಂತ ಜಾಸ್ತಿ ಜನಕ್ಕೆ ಕೊಟ್ಟು ಉತ್ತರ ತಾಳೆ ನೋಡುತ್ತಿದ್ದರು. ಕೆಟ್ಟ ಯಂತ್ರವೂ, ಲೆಕ್ಕ ಮಾಡಿದವರಿಗೆ ಕೊಡುವ ಅಂಕದ ಆಸೆಗೆ ಸುಳ್ಳು ಉತ್ತರ ಕಳಿಸುವವನೂ ಸಿಕ್ಕಿಬೀಳಬೇಕಲ್ಲ! 2020ರ ಮಾರ್ಚ್ ಕೊನೆಗೆ ಅವರು ತುಂಡು ಕಳಿಸುವುದನ್ನು ನಿಲ್ಲಿಸಿದರು. ಅದೇ ಹೊತ್ತಿಗೆ ಕೊರೊನಾ ವೈರಸ್ಸಿನ ಪ್ರೋಟೀನ್‌ಗಳು ಹೇಗೆ ಆಕಾರ ಬದಲಿಸುತ್ತವೆ ಎಂಬ ಲೆಕ್ಕಕ್ಕಾಗಿ 'ಫೋಲ್ಡಿಂಗ್ ಅಟ್ ಹೋಮ್' ಎಂಬ ಇಂಥದ್ದೇ ಯೋಜನೆಗೆ ಜನ ಮುಗಿಬಿದ್ದರು. ಅವರೆಲ್ಲರ ಕಂಪ್ಯೂಟರ್‌ಗಳು ಸೇರಿ ಸೆಕೆಂಡಿಗೆ ಮಾಡುವ ಲೆಕ್ಕ 1ರ ಮುಂದೆ 18 ಸೊನ್ನೆ ದಾಟಿತು. ಆಗ ಯಾವ ಸೂಪರ್ ಕಂಪ್ಯೂಟರೂ ಅಷ್ಟು ಮುಟ್ಟಿರಲಿಲ್ಲ.

ಈಗಿನ ಎಐ ತರಬೇತಿ ದಿಮ್ಮಿ ಎತ್ತುವ ಕೆಲಸ. ಚಿಪ್‌ಗಳು ಕ್ಷಣಕ್ಷಣಕ್ಕೂ ಮಾತಾಡಿಕೊಳ್ಳಬೇಕು, ಮನೆಯ ಇಂಟರ್‌ನೆಟ್ ಸಾಕಾಗುವುದಿಲ್ಲ. ಹಾಗಾಗಿ ಮಾತು ಕಡಿಮೆ ಮಾಡುವ ದಾರಿ ಹುಡುಕುತ್ತಿದ್ದಾರೆ: ನೂರಾರು ಹೆಜ್ಜೆ ಅವರವರೇ ಲೆಕ್ಕ ಮಾಡಿ, ಆಮೇಲೆ ಒಮ್ಮೆ ಕೂಡಿಸುವುದು. 2024ರಲ್ಲಿ ಮೂರು ಖಂಡಗಳ ಯಂತ್ರಗಳು ಹೀಗೆ ಸೇರಿ 1,000 ಕೋಟಿ ಪ್ಯಾರಾಮೀಟರ್‌ಗಳ, ಅಂದರೆ ಕಲಿಯುವಾಗ ತಿದ್ದಿಕೊಳ್ಳುವ ಅಂಕಿಗಳ, ಎಐ ಮಾದರಿಯೊಂದನ್ನು ಕಟ್ಟಿದವು. ಅವೆಲ್ಲ ದುಬಾರಿ ಸರ್ವರ್‌ಗಳು, ನಮ್ಮ ನಿಮ್ಮ ಮನೆಯವಲ್ಲ. ಆದರೂ ಗ್ರಿಡ್‌ನ ಮುಂದಿನ ದಿನಗಳು ಆ ಕಡೆಗಿವೆ ಅಂತ ನನಗನ್ನಿಸುತ್ತದೆ.

ಇನ್ನು ನಿಮ್ಮ ಹಳೇ ಕಂಪ್ಯೂಟರ್. 100 ವ್ಯಾಟ್ ಎಳೆಯುವ ಡಬ್ಬ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 72 ಯೂನಿಟ್. ಗೃಹಜ್ಯೋತಿಯಲ್ಲಿದ್ದರೆ ಇನ್ನೂ ಹುಷಾರು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ. ಅಷ್ಟು ಕರೆಂಟು ತಿಂದೂ ಅದು ಮಾಡುವ ಲೆಕ್ಕ ಸ್ವಲ್ಪವೇ. ಅದನ್ನು ಅಟ್ಟದಲ್ಲೇ ಬಿಡಿ. ಮಗಳ ಹೊಸ ಲ್ಯಾಪ್‌ಟಾಪಿಗೆ, ಇಂಥ ಯೋಜನೆಗಳಿಗೆ ಸೇರಿಸುವ 'ಬೋಯಿಂಕ್' ತಂತ್ರಾಂಶ ಹಾಕಿ, ಯಾರೂ ಮುಟ್ಟದಿದ್ದಾಗ ಮಾತ್ರ ಓಡುವ ಹಾಗೆ ಸೆಟ್ ಮಾಡಿ. ಮೊದಲು ಅವಳನ್ನು ಒಂದು ಮಾತು ಕೇಳಿ.

– ಸಂಪಾದಕ