ಕಲ್ಲು ಬೇಡ, ಮರಳು ಕೊಡಿ ಅಂತ ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ಉಳ್ಳಾಲದಿಂದ ದಕ್ಷಿಣಕ್ಕೆ, ಸೋಮೇಶ್ವರದ ಕಡೆ. ಪ್ರತಿ ಮಳೆಗಾಲ ಕಡಲು ಇನ್ನಷ್ಟು ಒಳಗೆ ಬರುತ್ತದೆ. ಜೂನ್‌ನಲ್ಲಿ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ. ಮರುವರ್ಷ ನೋಡಿದರೆ ಆ ಕಲ್ಲು ಮರಳಲ್ಲಿ ಹೂತುಹೋಗಿರುತ್ತದೆ. ದೋಣಿ ಎಳೆದು ಹಾಕಲೂ ಜಾಗ ಉಳಿದಿಲ್ಲ. ಬೀಚನ್ನು ಮೊದಲಿನ ಹಾಗೆ ಮಾಡಲು ಸರಕಾರದ ಹಣ ಸಿಗುತ್ತದಾ? ಮನವಿ ಕೊಟ್ಟು ಕೊಟ್ಟು ಸಾಕಾಗಿದೆ.
– ಮಹಿಳಾ ಸಂಘದ ಸದಸ್ಯೆ, ಸೋಮೇಶ್ವರ

ಉತ್ತರ: ಹಣ ಇದೆ ಅಕ್ಕಾ. ಆದರೆ ನೀವು ಕೇಳುವ ಹೊತ್ತಿಗೆ ಸಿಗುವುದು ಕಲ್ಲಿನ ಹಣ ಮಾತ್ರ.

ಜೂನ್, ಜುಲೈನಲ್ಲಿ ತೆಂಗಿನಮರ ಉರುಳುವಾಗ ಮನವಿ ಹೋದರೆ ಅದು ತುರ್ತು ಕಾಮಗಾರಿಯ ಫೈಲಿಗೆ ಸೇರುತ್ತದೆ. ತುರ್ತು ಅಂದರೆ ಕಲ್ಲು. ನಾನು ಬಂದರು ಕಾಮಗಾರಿಗಳಲ್ಲೇ ನೌಕರಿ ಮುಗಿಸಿದವನು, ಆ ಅಳತೆ ಪುಸ್ತಕಗಳನ್ನು ಬೇಕಾದಷ್ಟು ಬರೆದಿದ್ದೇನೆ. ಕಲ್ಲು ಲೆಕ್ಕಕ್ಕೆ ಸಿಗುತ್ತದೆ. ಎಷ್ಟು ಲೋಡ್, ಎಷ್ಟು ಉದ್ದ, ಫೋಟೋ ತೆಗೆದರೆ ಮುಗಿಯಿತು. ಬೀಚು ವಾಪಸು ಬರಲು ದಡಕ್ಕೆ ಹಾಕಬೇಕಾದ ಮರಳು ಹಾಗಲ್ಲ. ಇವತ್ತು ಹಾಕಿದ್ದನ್ನು ನಾಡಿದ್ದು ಕಡಲು ಎಳೆದುಕೊಂಡು ಹೋದರೆ ಆಡಿಟ್‌ನವರಿಗೆ ತೋರಿಸುವುದು ಏನನ್ನು? ಮರಳು ಅಂದರೆ ಎಂಜಿನಿಯರ್‌ಗಳು ಹಿಂದೆಮುಂದೆ ನೋಡುವುದು ಇದಕ್ಕೇ. ಅವರಿಗೆ ಬುದ್ಧಿ ಇಲ್ಲ ಅಂತಲ್ಲ. ಹಾಗಾಗಿ ಆ ಹೆದರಿಕೆ ಹೋಗುವಂಥ ಕಾಗದ ನಿಮ್ಮ ಕಡೆಯಿಂದಲೇ ಬರಬೇಕು. ಅದೂ ಮಳೆಗಾಲದಲ್ಲಿ ಅಲ್ಲ, ಜನವರಿ-ಫೆಬ್ರವರಿಯಲ್ಲಿ.

ಯಾಕೆ ಫೆಬ್ರವರಿ? ನಮ್ಮ ಕಡಲಿಗೆ ಒಂದು ಕ್ರಮ ಇದೆ. ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನು ಎಳೆದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡಿ ಇಡುತ್ತದೆ. ಅಕ್ಟೋಬರ್ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ವಾಪಸು ತಂದು ಹಾಕುತ್ತವೆ. ಆಗಸ್ಟ್‌ನಲ್ಲಿ ತೆಗೆದ ಫೋಟೋ ತೋರಿಸಿದರೆ 'ಡಿಸೆಂಬರ್‌ಗೆ ಸರಿಯಾಗ್ತದೆ' ಅಂತ ಕಳಿಸಿಬಿಡಬಹುದು, ಎಷ್ಟೋ ಕಡೆ ಅದು ನಿಜವೂ ಹೌದು. ಫೆಬ್ರವರಿಗೂ ಮರಳು ಬಂದಿಲ್ಲ ಅಂದರೆ ಅದು ಬರೀ ಮಳೆಗಾಲದ ಏರುಪೇರು ಅಂತ ತಳ್ಳಿಹಾಕಲು ಆಗುವುದಿಲ್ಲ. ನಿಮ್ಮ ಕೇಸ್ ನಿಲ್ಲುವುದು ಅದರ ಮೇಲೆ.

ಅದಕ್ಕೆ ದೊಡ್ಡ ಖರ್ಚು ಬೇಡ. ಅಲುಗಾಡದ ಗುರುತು ಆರಿಸಿಕೊಳ್ಳಿ: ದೇವಸ್ಥಾನದ ಕಟ್ಟೆ, ಕರೆಂಟ್ ಕಂಬ, ಯಾರದ್ದಾದರೂ ಬಾವಿ. ಅಲ್ಲಿಂದ ನೀರಿನ ಅಂಚಿಗೆ ಟೇಪ್ ಹಿಡಿದು ಅಳೆಯಿರಿ. ಮೇ ಕೊನೆಗೆ, ಸೆಪ್ಟೆಂಬರ್‌ಗೆ, ಫೆಬ್ರವರಿಗೆ. ಉಬ್ಬರವೋ ಇಳಿತವೋ ಅಂತ ಬರೆದಿಡಿ, ಇಲ್ಲದಿದ್ದರೆ ಅಳತೆಗೆ ಬೆಲೆಯೇ ಇಲ್ಲ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರ ನೋಡಿ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆಯುತ್ತಿದೆ ಅಂತ ಹೇಳಿದೆ. ನಿಮ್ಮೂರು ಆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ನೋಡಿ, ಪ್ರತಿ ತೆಗೆದು ಮನವಿಗೆ ಲಗತ್ತಿಸಿ. ಸುರತ್ಕಲ್ ಎನ್‌ಐಟಿಕೆಯಲ್ಲಿ ಕಡಲು-ನೀರಿನ ವಿಷಯಕ್ಕೇ ಒಂದು ವಿಭಾಗ ಇದೆ. ಟೇಪ್ ಅಳತೆಯ ಪಟ್ಟಿ ಹಿಡಿದು ಅಲ್ಲಿಗೆ ಹೋದರೆ ಬರಿಗೈಯಲ್ಲಿ ಹೋದವರಿಗಿಂತ ಜಾಸ್ತಿ ಗಮನ ಸಿಗುತ್ತದೆ.

ಇನ್ನು ಹಣದ ದಾರಿ. ಕೇಂದ್ರದ ಪರಿಹಾರ ನಿಧಿಯ ಹಣ ಸಿಗುವುದು ಪಟ್ಟಿಯಲ್ಲಿರುವ ವಿಕೋಪಗಳಿಗೆ ಮಾತ್ರ. ಚಂಡಮಾರುತ, ನೆರೆ, ಬರ, ಭೂಕುಸಿತ ಎಲ್ಲ ಇದೆ, ಕಡಲ್ಕೊರೆತ ಇಲ್ಲ. ತಾಲೂಕು ಕಚೇರಿಯಲ್ಲಿ 'ಇದು ಬರುವುದಿಲ್ಲ' ಅನ್ನುವುದು ಈ ಪಟ್ಟಿ ನೋಡಿ. 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತದಲ್ಲಿ ಮನೆ ಹೋಗಿದ್ದರೆ ತಾರೀಕು ಹಾಕಿ ಚಂಡಮಾರುತ ಅಂತಲೇ ಬರೆಯಿರಿ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ.

ಆದರೆ ಪರಿಹಾರ ಬೇರೆ, ತಡೆಯುವ ಕೆಲಸ ಬೇರೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಇಡೀ ದೇಶಕ್ಕೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ಕಳಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಪ್ರತ್ಯೇಕವಾಗಿ ಇಡಲು ಹೇಳಿತು. ರಾಜ್ಯದ ವಿಪತ್ತು ಹಣದಲ್ಲೂ 80 ಪಾಲು ಪರಿಹಾರಕ್ಕೆ, 20 ಪಾಲು ತಡೆಗಟ್ಟುವ ಕೆಲಸಕ್ಕೆ ಅಂತ ಒಡೆಯಿತು. ಆ 20 ಪಾಲಿನದ್ದು ವಿಪತ್ತು ಉಪಶಮನ ನಿಧಿ. ನಿಮ್ಮ ಮನವಿಯಲ್ಲಿ ಈ ಹೆಸರು ಇರಬೇಕು. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ, ಹಾಗಾಗಿ ಹಳೇ ಆದೇಶದ ನಂಬರ್ ಹಾಕಬೇಡಿ. ಜಾರಿಯಲ್ಲಿರುವ ಮಾರ್ಗಸೂಚಿಯನ್ನು ಜಿಲ್ಲಾಧಿಕಾರಿ ಕಚೇರಿಯಿಂದ ಕೇಳಿ ಪಡೆಯಿರಿ.

ಜಿಲ್ಲಾಧಿಕಾರಿಯೇ ಯಾಕೆ? ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು, ಪ್ರಸ್ತಾವನೆ ಮೇಲೆ ಹೋಗುವುದು ಅಲ್ಲಿಂದ. ನಿಮ್ಮ ಸ್ಥಳೀಯ ಸಂಸ್ಥೆಯ ನಿರ್ಣಯ ಜೊತೆಗಿರಲಿ. ಬಂದರು ಇಲಾಖೆಗೆ ಒಂದು ಪ್ರತಿ. ಶಾಸಕರಿಗೂ ಕೊಡಿ, ಆದರೆ ಅವರೊಬ್ಬರಿಗೇ ಕೊಟ್ಟು ಸುಮ್ನೆ ಕೂತರೆ ಮತ್ತೆ ಕಲ್ಲೇ ಬರುವುದು. ಅವರಿಗೂ ಮಳೆಗಾಲದೊಳಗೆ ಏನಾದರೂ ಮಾಡಿದ ಹಾಗೆ ಕಾಣಬೇಕಲ್ವಾ?

ದೊಡ್ಡ ಸಾಲದ ಹಣ ನಿಮ್ಮ ಪಕ್ಕದಲ್ಲೇ ಬಂದಿತ್ತು. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡಕ್ಕೂ ಸೇರಿಸಿ 25 ಕೋಟಿ ಡಾಲರ್‌ವರೆಗಿನ ಯೋಜನೆ ಒಪ್ಪಿತು. ಉಳ್ಳಾಲದಲ್ಲಿ ಜಿಯೋ ಬ್ಯಾಗ್‌ಗಳ (ಮರಳು ತುಂಬಿದ ದೊಡ್ಡ ಚೀಲಗಳ) ರೀಫ್, ಅಂದರೆ ಅಲೆಯ ಹೊಡೆತ ತಗ್ಗಿಸುವ ನೀರಿನಡಿಯ ದಿಬ್ಬ ಮುಳುಗಿಸಿದ್ದು, ಅಳಿವೆಬಾಗಿಲಿನ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಒಡ್ಡು) ಸರಿಮಾಡಿದ್ದು ಆ ಹಣದಲ್ಲಿ. ಅದಾದ ಮೇಲೆ ಕೊರೆತ ದಕ್ಷಿಣಕ್ಕೆ, ನಮ್ಮ ಕಡೆಗೆ ಸರಿಯಿತು ಅಂತ ಸೋಮೇಶ್ವರ, ಉಚ್ಚಿಲದ ಜನ ಹೇಳುತ್ತಲೇ ಇದ್ದಾರೆ. ಹೀಗಾಗುವುದು ಹೊಸತೇನಲ್ಲ. ಒಂದು ಕಡೆ ಮರಳು ಹಿಡಿದರೆ ಇನ್ನೊಂದು ಕಡೆಗೆ ಹೋಗುವುದು ಕಡಿಮೆಯಾಗುತ್ತದೆ. ಅಣೆಕಟ್ಟು, ಮರಳುಗಾರಿಕೆ ಇರುವಾಗ ನದಿ ತರುವ ಮರಳೂ ಕಮ್ಮಿ. ಮನವಿಯಲ್ಲಿ ಇದನ್ನು ಬೈಗುಳವಾಗಿ ಬರೆಯಬೇಡಿ. 'ಉತ್ತರದ ಕಾಮಗಾರಿಯ ಪರಿಣಾಮದ ಅಧ್ಯಯನ ಆಗಬೇಕು' ಅಂತ ಒಂದೇ ಸಾಲು ಸಾಕು. ಯೋಜನಾ ವರದಿಯ ಖರ್ಚಿಗೆ ಮೊದಲ ಹಣ ಹುಟ್ಟುವುದು ಅಂಥ ಸಾಲಿನಿಂದ.

ಮರಳು ಬರುವುದು ಎಲ್ಲಿಂದ ಅಂತ ಅವರು ಕೇಳೇ ಕೇಳುತ್ತಾರೆ. ಅಳಿವೆಬಾಗಿಲಲ್ಲಿ ದೋಣಿದಾರಿಗೆ ಹೂಳೆತ್ತುವ ಕೆಲಸ ಇದೆಯಲ್ಲ, ಆ ಮರಳು ಶುದ್ಧವಾಗಿದ್ದರೆ, ಕಾಳಿನ ಗಾತ್ರ ಹೊಂದಿದರೆ ದಡಕ್ಕೇ ಹಾಕಿ ಅಂತ ಕೇಳಿ. ಹೂಳೆತ್ತುವ ಖರ್ಚು ಹೇಗೂ ಆಗುವುದೇ, ಜಾಸ್ತಿ ಆಗುವುದು ಸಾಗಿಸುವ ಖರ್ಚು. ಪುದುಚೇರಿಯ ಕತೆ ಹೇಳಿ. ಅಲ್ಲಿ 1980ರ ದಶಕದ ಕೊನೆಗೆ ಬಂದರಿನ ಬ್ರೇಕ್‌ವಾಟರ್ ಬಂದ ಮೇಲೆ ಊರ ಮುಂದಿನ ಬೀಚು ಹೋಗಿ ಬರೀ ಕಲ್ಲು ಉಳಿದಿತ್ತು. ಕೇಂದ್ರ ಭೂವಿಜ್ಞಾನ ಸಚಿವಾಲಯದ ಹಣದಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2018ರಲ್ಲಿ ಉಕ್ಕಿನ ರೀಫ್ ಮುಳುಗಿಸಿತು, ಮರಳು ನಿಂತಿತು. ಅದನ್ನೇ ಇಲ್ಲಿ ನಕಲು ಹೊಡೆಯಲು ಆಗುವುದಿಲ್ಲ. ಅಲ್ಲಿ ಮರಳು ಹೆಚ್ಚಾಗಿ ಉತ್ತರಕ್ಕೇ ಹರಿಯುತ್ತದೆ, ನಮ್ಮಲ್ಲಿ ಋತು ಬದಲಾದ ಹಾಗೆ ದಿಕ್ಕೂ ಬದಲು.

ಕೊನೆಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿ. ಒಮ್ಮೆ ನಮ್ಮ ಒಂದು ಫೈಲು ನಕ್ಷೆಯಲ್ಲಿ ಉಬ್ಬರದ ಗೆರೆ ಇಲ್ಲ ಅನ್ನುವುದಕ್ಕೇ ವಾಪಸು ಬಂತು, ಅಷ್ಟರಲ್ಲಿ ಒಂದು ಮಳೆಗಾಲ ಹೋಯಿತು. ಹಾಗಾಗಿ ವರದಿಯ ಜೊತೆಗೇ ಆ ನಕ್ಷೆ ಮಾಡಿಸಿ ಅಂತ ಮೊದಲೇ ಒತ್ತಾಯಿಸಿ.

ಪ್ರಶ್ನೆ: ಕಡಲ ಕರೆಯಲ್ಲಿ ಗಾಳಿಮರ ನೆಟ್ಟರೆ ಸಾಕಲ್ವಾ? ಇಷ್ಟೆಲ್ಲ ಖರ್ಚು ಯಾಕೆ?
– ಓದುಗರು, ಪಡುಬಿದ್ರಿ

ಉತ್ತರ: ಗಾಳಿಗೆ ಸಾಕು, ಅಲೆಗೆ ಸಾಲದು ಮಾರಾಯ್ರೆ. ಬುಡದ ಮರಳು ಹೋದರೆ ಗಾಳಿಮರವೂ ಬೀಳುತ್ತದೆ. ಮರಳ ದಿಬ್ಬ ಇನ್ನೂ ಉಳಿದಿರುವ ಕಡೆ ಅಡಂಬು ಬಳ್ಳಿ ಬಿಡಿ. ಅದು ಗಾಳಿಗೆ ಹಾರುವ ಮರಳನ್ನು ಹಿಡಿದು ದಿಬ್ಬ ಬೆಳೆಸುತ್ತದೆ, ಖರ್ಚೂ ಇಲ್ಲ. ಬೀಚ್ ಚಂದ ಮಾಡುತ್ತೇವೆ ಅಂತ ಅದನ್ನು ಕಿತ್ತು ಹಾಕುವವರನ್ನು ಮೊದಲು ತಡೆಯಿರಿ.