ರಿಟುಕ್ಸಿಮ್ಯಾಬ್ ಆದ ಮೇಲೆ ಲಸಿಕೆ ಯಾಕೆ ಹಿಡಿಯಲಿಲ್ಲ?

ಬಹುಶಃ ಸಮಯದ ತೊಂದರೆ. ಸಂಧಿವಾತಕ್ಕೆ ರಿಟುಕ್ಸಿಮ್ಯಾಬ್ ಡ್ರಿಪ್ ಆಗಿ ಎರಡೇ ತಿಂಗಳಿಗೆ ಅಮ್ಮನಿಗೆ ನ್ಯುಮೋನಿಯಾ ಲಸಿಕೆ ಹಾಕಿಸಿದ್ದೀರಿ, ಅಲ್ವಾ? ಆ ಔಷಧಿ ಮೈಮೇಲೆ ಸಿಡಿ20 ಎಂಬ ಗುರುತಿರುವ ಬಿ ಕೋಶಗಳನ್ನು (ರೋಗದ ವಿರುದ್ಧ ಕೆಲಸ ಮಾಡುವ ಬಿಳಿ ರಕ್ತಕಣಗಳು), ಹಳೆಯ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಕೋಶಗಳನ್ನೂ ಸೇರಿಸಿ, ತೆಗೆದುಹಾಕುತ್ತದೆ. ಹೊಸ ಲಸಿಕೆಯಿಂದ ಕಲಿಯಬೇಕಾದವು ಅವೇ. ಹಳೆಯ ಪ್ರತಿಕಾಯಗಳು ಬಹುಪಾಲು ಉಳಿಯುತ್ತವೆ, ಅವನ್ನು ತಯಾರಿಸುವ ಪ್ಲಾಸ್ಮಾ ಕೋಶಗಳಿಗೆ ಆ ಗುರುತಿಲ್ಲ.

ಮೊದಲು ಮುಂದಿನ ಡ್ರಿಪ್ ತಾರೀಕು ನೋಡಿ. ಪುಣೆಯಲ್ಲಿ ನಮ್ಮತ್ತೆಗೆ ಡಾಕ್ಟರು ಡ್ರಿಪ್ ಹತ್ತಿರ ಬಂದಾಗ ಲಸಿಕೆ ಕೊಟ್ಟು, 2 ವಾರ ಬಿಟ್ಟು ಡ್ರಿಪ್ ಹಾಕಿದರು, ಫೈಲಿನ ಮೇಲೆ ಎರಡೂ ತಾರೀಕು ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೆವು. ನಿಮ್ಮ ಡಾಕ್ಟರನ್ನೂ ಹೀಗೇ ಕೇಳಿ, ನೀವೇ ಡ್ರಿಪ್ ಮುಂದೂಡಬೇಡಿ. ಫ್ಲೂ ಲಸಿಕೆಗೆ ಸುಮ್ನೆ ಕಾಯುವುದು ಬೇಡ. ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವಂಥದ್ದು) ಬೇಡವೇ ಬೇಡ. ಹೆಪಟೈಟಿಸ್ ಬಿ ರಿಪೋರ್ಟ್ ಫೈಲಿನಲ್ಲಿ ಇದೆಯಾ ನೋಡಿ. ಜ್ವರ ಬಂದರೆ ಅವತ್ತೇ ತೋರಿಸಿ.